ಗಂಟಲು ಬಿಟ್ಟು ಹಾಡಬೇಕು

ನಮ್ಮ ಅಡುಗೆಮನೆಯ ಕಿಟಕಿಕಟ್ಟೆಯ ಮೇಲೆ, ಉಪ್ಪಿನ ಜಾಡಿಗೂ ಸಾಸಿವೆ ಡಬ್ಬಿಗೂ ನಡುವೆ, ಅರ್ಧ ನೀರು ತುಂಬಿದ ಒಂದು ಸ್ಟೀಲ್ ಲೋಟವಿದೆ. ಅದರೊಳಗೆ ಎಳನೀರು ಕುಡಿಯುವ ಒಂದು ಸ್ಟ್ರಾ, ಬಸ್ಸಿಗೆ ಕಾದು ಬೇಸತ್ತವರ ಹಾಗೆ ಒಂದು ಬದಿಗೆ ವಾಲಿಕೊಂಡು ನಿಂತಿರುತ್ತದೆ. ದಿನಾ ಬೆಳಿಗ್ಗೆ ಹಾಲು ಉಕ್ಕುವ ತನಕ ಸಿಗುವ ಬಿಡುವಿನಲ್ಲಿ ನಾನು ಆ ಕಡ್ಡಿಯನ್ನು ತುಟಿಗಳ ನಡುವೆ ಹಿಡಿದು, ಕಣ್ಣು ಮುಚ್ಚಿ, ನೀರಿನೊಳಕ್ಕೆ 'ಊ' ಎಂದು ಸ್ವರ ಊದುತ್ತೇನೆ. ಗುಳ್ಳೆಗಳು ಒಂದೇ ಸಮನೆ ಎದ್ದರೆ ಗಂಟಲು ಸಡಿಲವಾಗಿದೆ ಎಂದು ಅರ್ಥ, ತಡೆತಡೆದು ಎದ್ದರೆ ಎಲ್ಲೋ ಬಿಗಿ ಉಳಿದಿದೆ ಎಂದು ಅರ್ಥ. ಪಕ್ಕದ ಮನೆಯಾಕೆ ಮೊದಮೊದಲು ಈ ಸದ್ದು ಕೇಳಿ ಕಾಂಪೌಂಡಿನಾಚೆಯಿಂದ, "ಮಿಸ್, ನಿಮ್ಮನೆ ಪೈಪಲ್ಲಿ ಏನೋ ಗುಳುಗುಳು ಅಂತಿದೆ, ಕಟ್ಕೊಂಡಿರ್ಬೇಕು. ಪ್ಲಂಬರ್ ನಂಬರ್ ಕೊಡ್ಲಾ?" ಎಂದಳು. "ಕಟ್ಕೊಂಡಿರೋದು ಪೈಪಲ್ಲ ಕಣಮ್ಮ, ನನ್ನ ಗಂಟಲು," ಎಂದೆ. ದಯವಿಟ್ಟು ನೀವು ನಗಬೇಡಿ. ನಗಲೇಬೇಕೆಂದರೆ ದವಡೆ ಸಡಿಲ ಬಿಟ್ಟು ನಗಿ, ಅದೂ ಒಂದು ಅಭ್ಯಾಸವೇ.

ನನ್ನ ಗಂಟಲಿನ ಪರಿಚಯ ನಿಮಗಿಲ್ಲ, ಮಾಡಿಕೊಡುತ್ತೇನೆ. ರಾಜಾಜಿನಗರದ ಒಂದು ಹೈಸ್ಕೂಲಿನಲ್ಲಿ ನಾನು ತಲೆ ನರೆಯುವ ತನಕ ಕನ್ನಡ ಪಾಠ ಮಾಡಿದವಳು. ನಮ್ಮ ತರಗತಿಯ ಕಿಟಕಿಗಳು ನೇರವಾಗಿ ಕಾರ್ಡ್ ರೋಡಿಗೆ ತೆರೆದುಕೊಳ್ಳುತ್ತಿದ್ದವು. ಲಾರಿಗಳ ಹಾರನ್ನು, ಬಸ್ಸುಗಳ ಬ್ರೇಕು, ಆಮೇಲೆ ಮೆಟ್ರೋ ಕಂಬ ನಿಲ್ಲಿಸುವ ಯಂತ್ರಗಳ ಗುದ್ದು, ಇವೆಲ್ಲವನ್ನೂ ದಾಟಿ ಕೊನೆಯ ಬೆಂಚಿನ ಕಿವಿಗೆ ಸಮಾಸವನ್ನೂ ಸಂಧಿಯನ್ನೂ ತಲುಪಿಸುವುದೆಂದರೆ ಹುಡುಗಾಟವಲ್ಲ. ಇತರ ಟೀಚರುಗಳು ಸೊಂಟಕ್ಕೆ ಪುಟ್ಟ ಸ್ಪೀಕರು ಕಟ್ಟಿಕೊಂಡು ಓಡಾಡತೊಡಗಿದ ಕಾಲದಲ್ಲೂ ನಾನು ಅದರ ಕಡೆ ಕಣ್ಣೆತ್ತಿ ನೋಡಲಿಲ್ಲ. ವಿಭಕ್ತಿ ಪ್ರತ್ಯಯಗಳನ್ನು ನಾನು ಒಮ್ಮೆ ಹೇಳಿಕೊಟ್ಟರೆ ಸಾಕು, ರಸ್ತೆಯಾಚೆಯ ಬೇಕರಿಯವನಿಗೂ ಬಾಯಿಪಾಠವಾಗುತ್ತಿತ್ತು, ಈಗಲೂ ಆತ ಬನ್ನು ಕಟ್ಟಿಕೊಡುತ್ತಾ, "ಉ, ಅನ್ನು, ಇಂದ, ಗೆ... ಸರಿನಾ ಮಿಸ್?" ಎಂದು ಕೀಟಲೆ ಮಾಡುತ್ತಾನೆ. ನನಗೆ ಅದರಿಂದ ನಾಚಿಕೆಯಿಲ್ಲ, ಹೆಮ್ಮೆಯೇ.

ಈ ಹೆಮ್ಮೆಯ ಬೇರು ಬಾಲ್ಯದಲ್ಲಿದೆ. ನಮ್ಮ ಶಾಲೆಯಲ್ಲಿ ಪ್ರಾರ್ಥನೆ ಕಲಿಸುತ್ತಿದ್ದ ಮೇಷ್ಟ್ರು ಹಾರ್ಮೋನಿಯಂ ಒತ್ತುತ್ತಾ, "ಗಂಟಲು ಬಿಟ್ಟು ಹಾಡೇ ಹುಡುಗಿ, ಗಂಟಲು ಬಿಟ್ಟು ಹಾಡು!" ಎನ್ನುತ್ತಿದ್ದರು. ನಾನು ವಿಧೇಯಳಾಗಿ ಇನ್ನಷ್ಟು ಜೋರಾಗಿ ಹಾಡುತ್ತಿದ್ದೆ. ಕತ್ತಿನ ನರ ಉಬ್ಬಿ, ಮುಖ ಕೆಂಪಾಗಿ, ಗೋಡೆಯ ಮೇಲಿನ ಗಡಿಯಾರ ಅದುರುವ ಹಾಗೆ. ನಮ್ಮ ಕನ್ನಡದಲ್ಲಿ 'ಬಾಯಿ ಬಿಟ್ಟು ಹೇಳು' ಎಂದರೂ, 'ಗಂಟಲು ಬಿಟ್ಟು ಹಾಡು' ಎಂದರೂ ಅರ್ಥ ಒಂದೇ ತಾನೆ, ಜೋರು ಮಾಡು ಎಂದು? ನನಗಂತೂ ಅದರಲ್ಲಿ ಯಾವತ್ತೂ ಅನುಮಾನ ಬಂದಿರಲಿಲ್ಲ.

ಅನುಮಾನ ಹುಟ್ಟಿದ್ದು ಮೊಮ್ಮಗಳು ಹುಟ್ಟಿದ ಮೇಲೆ. ನನ್ನ ಮಗಳು ಸಹನಾ ಕೆಂಗೇರಿಯಲ್ಲಿರುವ ಗಂಡನ ಮನೆಯಿಂದ ಬಾಣಂತನಕ್ಕೆಂದು ಮಾರೇನಹಳ್ಳಿಯ ನಮ್ಮ ಮನೆಗೆ ಬಂದಳು. ನಮ್ಮ ಕಡೆ ಐದನೇ ತಿಂಗಳಲ್ಲಿ ಮಗುವನ್ನು ಶಾಸ್ತ್ರೋಕ್ತವಾಗಿ ತೊಟ್ಟಿಲಿಗೆ ಹಾಕಿ ಹೆಸರಿಡುತ್ತೇವೆ. ಹೆಸರು ಗಂಡಿನ ಕಡೆಯವರದು, ಹಾಡು ಹೆಣ್ಣಿನ ಕಡೆಯವರದು. ತಾಯಿಯ ತಾಯಿ ಜೋಗುಳ ಹಾಡಿದ ಮೇಲೆಯೇ ಮಗುವಿನ ಕಿವಿಯಲ್ಲಿ ಹೆಸರು ಹೇಳಬೇಕು. ಸಹನಾಳ ತೊಟ್ಟಿಲಿಗೆ ನನ್ನ ಅಮ್ಮ ಹಾಡಿದ್ದಳು. ಅಮ್ಮ ಈಗಿಲ್ಲ, ಆ ಹಾಡು ಮಾತ್ರ ನನ್ನಲ್ಲಿದೆ. ಇದೇ ಮಾರೇನಹಳ್ಳಿಯ ಸುತ್ತ ರಾಗಿ ಹೊಲಗಳಿದ್ದ ಕಾಲದ ಹಾಡು ಅದು. ಕಳೆ ಕೀಳುತ್ತಾ, ಸೊಪ್ಪು ಬಿಡಿಸುತ್ತಾ, ತೊಟ್ಟಿಲ ಹಗ್ಗ ಜಗ್ಗುತ್ತಾ ನಮ್ಮ ಮನೆಯ ಹೆಂಗಸರ ಬಾಯಲ್ಲಿ ಬೆಳೆದದ್ದು.

ಹೊಂಗೆಯ ಹೂವ ಹಾಸಿವ್ನಿ, ಮಲಗವ್ವ
ಕೆರೆಮ್ಯಾಲಿನ ಗಾಳಿ ಕರೆದಿವ್ನಿ, ಮಲಗವ್ವ
ಹೋಗೋ ಮೋಡವ ನಿಲ್ಲಿಸಿವ್ನಿ, ಮಲಗವ್ವ

ಮೊದಲೆರಡು ಸಾಲು ನೆಲದ ಮೇಲೆ ನಡೆಯುತ್ತವೆ. ಮೂರನೆಯದು 'ಮೋಡವ' ಎನ್ನುವಲ್ಲಿ ಇದ್ದಕ್ಕಿದ್ದ ಹಾಗೆ ಮಾಳಿಗೆ ಹತ್ತಿ ನಿಲ್ಲುತ್ತದೆ. ತಂಗಿಯ ತೊಟ್ಟಿಲು ತೂಗುವಾಗ ಅಮ್ಮ ಆ ಎತ್ತರಕ್ಕೆ ಸಲೀಸಾಗಿ ಹೋಗಿ, 'ನಿಲ್ಲಿಸಿವ್ನಿ' ಎಂದವಳೇ ತೊಟ್ಟಿಲ ಹಗ್ಗವನ್ನೂ ಹಾಡನ್ನೂ ಒಟ್ಟಿಗೆ ನಿಲ್ಲಿಸಿಬಿಡುತ್ತಿದ್ದಳು. ಪಕ್ಕದಲ್ಲಿ ಕೂತ ನಾನು ತಟ್ಟನೆ 'ಮಲಗವ್ವ' ಎನ್ನುತ್ತಿದ್ದೆ. ಪಾಪ, ಅಮ್ಮನಿಗೆ ಉಸಿರು ಸಾಲದು, ನಾನಿದ್ದೇನಲ್ಲ ಎಂದು ನನಗೆ ಭಾರಿ ಜಂಬ.

ಸರಿ, ಮಗುವಿಗೆ ಇನ್ನೂ ಎರಡು ತಿಂಗಳಾಗುವ ಮೊದಲೇ ಒಂದು ಮಧ್ಯಾಹ್ನ ಅದನ್ನು ತೊಡೆಯ ಮೇಲೆ ಹಾಕಿಕೊಂಡು, ಗಂಟಲು ಸರಿಮಾಡಿಕೊಂಡು, ಶುರುಮಾಡಿದೆ. ಹೊಂಗೆ ಹೂವಿನವರೆಗೆ ಮಗು ಪಿಳಿಪಿಳಿ ನೋಡಿತು. ಕೆರೆಯ ಗಾಳಿಗೆ ಹುಬ್ಬು ಗಂಟಿಕ್ಕಿತು. ಮೋಡಕ್ಕೆ ಬಂದೆ ನೋಡಿ, ನನ್ನ ಕೊರಳು ಒಳಗಿನಿಂದ ಯಾರೋ ಮುಷ್ಟಿ ಹಿಡಿದ ಹಾಗೆ ಬಿಗಿಯಿತು, ನಾನು ಅಭ್ಯಾಸಬಲದಿಂದ ಇನ್ನಷ್ಟು ಒತ್ತಿದೆ, ಕಾರ್ಡ್ ರೋಡಿನ ಲಾರಿಗಳನ್ನು ದಾಟಿದ ಆ ಧ್ವನಿ ಹೊರಬಿತ್ತು, ಮಗು ಎರಡೂ ಕೈ ಮೇಲೆತ್ತಿ ಬೆಚ್ಚಿಬಿದ್ದು ಮನೆ ಹಾರಿಹೋಗುವ ಹಾಗೆ ಚೀರಿತು. ಸಹನಾ ಓಡಿಬಂದು ಎತ್ತಿಕೊಂಡಳು.

"ಅಮ್ಮ, ನೀನು ಜೋಗುಳ ಹಾಡ್ತಾ ಇದೀಯೋ, ಕ್ಲಾಸ್ ತಗೋತಾ ಇದೀಯೋ?"

"ಅಭ್ಯಾಸ ಆಗುತ್ತೆ ಬಿಡೇ ಅದಕ್ಕೆ."

ಅಭ್ಯಾಸವಾಗಲಿಲ್ಲ. ಆ ವಾರವೆಲ್ಲ ನಾನು ಹಾಡಲು ಬಾಯಿ ತೆರೆದರೆ ಸಾಕು, ಪಾಪು ಮುಖ ಸೊಟ್ಟ ಮಾಡುತ್ತಿತ್ತು. ಕೊನೆಗೆ ಒಂದು ಸಂಜೆ, ಮಗುವಿನ ಬಟ್ಟೆ ಮಡಚುತ್ತಾ, ನನ್ನ ಮುಖ ನೋಡದೆ ಸಹನಾ ಹೇಳಿದಳು: "ಅಮ್ಮ, ಬೇಜಾರು ಮಾಡ್ಕೋಬೇಡ. ತೊಟ್ಟಿಲಿಗೆ ಹಾಕೋ ದಿನ ಫೋನಲ್ಲಿ ಯಾವುದಾದ್ರೂ ಒಳ್ಳೆ ಜೋಗುಳ ಹಾಕ್ಬಿಡೋಣ. ನಮ್ಮತ್ತೆ ಹತ್ರ ಚೆನ್ನಾಗಿರೋ ಸ್ಪೀಕರ್ ಇದೆಯಂತೆ. ಅಷ್ಟು ಜನದ ಮುಂದೆ ಪಾಪು ಹೆದರ್ಕೊಂಡ್ರೆ ಚೆನ್ನಾಗಿರಲ್ಲ. ಬಿಟ್ಬಿಡಮ್ಮ."

ಬೇಜಾರು ಮಾಡಿಕೊಳ್ಳಬೇಡ ಎಂದರೆ ಮಾಡಿಕೊಳ್ಳದೆ ಇರುವ ಜನ್ಮ ನನ್ನದಲ್ಲ. ನನಗೆ ತುಂಬಾ ನೋವಾಯಿತು. ಮಗಳ ಮೇಲೆ ಸಿಟ್ಟು ಬಂತು, ಬೀಗಿತ್ತಿಯ ಸ್ಪೀಕರಿನ ಮೇಲೆ ಇನ್ನೂ ಹೆಚ್ಚು ಸಿಟ್ಟು ಬಂತು. ನಮ್ಮ ಮನೆಯ ತೊಟ್ಟಿಲ ಮುಂದೆ ಯಾವುದೋ ಊರಿನ ಯಾರೋ ಹಾಡಿದ್ದು ಮೊಳಗುವುದು, ನಾನು ಬಾಯಿಗೆ ಬೀಗ ಹಾಕಿಕೊಂಡು ಅರಿಶಿನ ಕುಂಕುಮದ ತಟ್ಟೆ ಹಿಡಿದು ನಿಲ್ಲುವುದು, ಅಮ್ಮನ ಹಾಡು ನನ್ನ ಜತೆಗೇ ಮುಗಿದುಹೋಗುವುದು, ಇದನ್ನು ನೆನೆದರೇ ಮೈಯೆಲ್ಲ ಉರಿಯುತ್ತಿತ್ತು. ಹಾಡೇ ಹಾಡುತ್ತೇನೆ, ಪಾಪು ಅಳದ ಹಾಗೆ ಹಾಡುತ್ತೇನೆ, ನೋಡೇಬಿಡೋಣ ಎಂದು ಅವತ್ತೇ ನಿಶ್ಚಯಿಸಿದೆ.

ವಿಜಯನಗರದಲ್ಲಿ ಬಳೆ ಅಂಗಡಿಯೊಂದರ ಮೇಲಿನ ಕೋಣೆಯಲ್ಲಿ 'ಇಲ್ಲಿ ಸಂಗೀತ ಹಾಗೂ ಧ್ವನಿ ಸಂಸ್ಕಾರ ಕಲಿಸಲಾಗುವುದು' ಎಂಬ ಬೋರ್ಡು ನೋಡಿದ್ದು ನೆನಪಿತ್ತು. 'ಸಂಸ್ಕಾರ' ಎಂಬ ಪದ ಸ್ವಲ್ಪ ಚುಚ್ಚಿತಾದರೂ ಮೆಟ್ಟಿಲು ಹತ್ತಿದೆ. ಕಲಿಸುವಾಕೆ ಕಸ್ತೂರಿ, ಗದಗಿನ ಕಡೆಯ ಹುಡುಗಿ, ನನ್ನ ಮಗಳ ಓರಗೆ. ದೀಪಾಂಜಲಿ ನಗರದಲ್ಲಿ ಮನೆ ಮಾಡಿಕೊಂಡು ಮೆಟ್ರೋದಲ್ಲಿ ಓಡಾಡುತ್ತಾಳೆ. ನನ್ನ ಕಥೆಯನ್ನೆಲ್ಲ ಕೇಳಿ, ಕರೆಂಟಿನ ತಂಬೂರಿ ಪೆಟ್ಟಿಗೆ ಹಚ್ಚಿ, ಹಾಡಿ ಎಂದಳು. ನಾನು ಮೋಡದ ಹತ್ತಿರ ಹೋಗುತ್ತಿದ್ದ ಹಾಗೇ ಕೈಯೆತ್ತಿದಳು.

"ಗಂಟಲಾ ಬಿಟ್ಟು ಹಾಡ್ರೀ ಮೇಡಂ."

ಅಷ್ಟೇನಾ, ನನ್ನ ಪ್ರಾರ್ಥನೆಯ ಮೇಷ್ಟ್ರು ಮತ್ತೆ ಹುಟ್ಟಿ ಬಂದಿದ್ದಾರೆ ಎಂದು ಸಂತೋಷದಿಂದ ಧ್ವನಿ ಏರಿಸಿದೆ. ಕೆಳಗೆ ಬಳೆ ಅಂಗಡಿಯಲ್ಲಿ ಮಾತು ನಿಂತಿತು.

"ಅಯ್ಯ, ಯಾಕ್ರೀ ಒದರ್ತೀರಿ? ಬಿಟ್ಟು ಹಾಡ್ರಿ ಅಂದ್ನಿ."

"ಬಿಟ್ಟೇ ಹಾಡ್ತಾ ಇದೀನಲ್ಲಮ್ಮ, ಇನ್ನೂ ಎಷ್ಟು ಬಿಡ್ಲಿ?"

"ಎಲ್ಲಿ ಬಿಟ್ಟೀರಿ? ಗಟ್ಟಿ ಹಿಡಕೊಂಡು ಕುಂತೀರಿ! ಬಿಡ್ರಿ ಅಂದ್ರ ಬಿಡೂದ್ರಿ. ಸಂತಿಯಿಂದ ಬಂದು ಕೈಯಾಗಿನ ಚೀಲ ಕೆಳಗ ಬಿಡೂದಿಲ್ಲೇನು, ಹಂಗ."

ನಾನು ಸುಮ್ಮನಾಗಲಿಲ್ಲ, ವಾದ ಮಾಡಿದೆ. 'ಗಂಟಲು ಬಿಟ್ಟು' ಎಂಬುದು ನುಡಿಗಟ್ಟು, ಅದನ್ನು ಶಬ್ದಶಃ ಅರ್ಥ ಮಾಡಬಾರದು, ನಾನು ಕನ್ನಡ ಟೀಚರು ಎಂದೆಲ್ಲ ಹೇಳಿದೆ. ಅವಳು ಗೋಡೆಗೆ ಒರಗಿ ನಗುತ್ತಾ, "ನುಡಿಗಟ್ಟು ಆಮ್ಯಾಲೆ ಕಟ್ರಿ, ಮೊದಲ ಗಂಟಲಾ ಬಿಚ್ರಿ," ಎಂದಳು. ಮಾತಿಗೆ ಮಾತು ಕೊಡುವವರನ್ನು ಕಂಡರೆ ನನಗೆ ಮೊದಲಿನಿಂದಲೂ ಇಷ್ಟ. ಅವತ್ತೇ ಸೇರಿಕೊಂಡೆ.

ಆದರೆ ಆ ದಿನ ಮೆಟ್ಟಿಲಿಳಿದು ಮನೆಗೆ ನಡೆದು ಬರುತ್ತಾ 'ಬಿಡು' ಎಂಬ ಈ ಎರಡಕ್ಷರದ ಕ್ರಿಯಾಪದ ನನ್ನ ಬೆನ್ನು ಬಿಡಲಿಲ್ಲ. ನೋಡಿ, ಸ್ನೇಹಿತರೇ, ನಾವು ಎಷ್ಟು ಧಾರಾಳವಾಗಿ ಅದನ್ನು ಬಳಸುತ್ತೇವೆ! ತಿಂದುಬಿಡು, ಹೇಳಿಬಿಡು, ಮಲಗಿಬಿಡು. ಮಾಡುವ ಪ್ರತಿಯೊಂದು ಕೆಲಸದ ಬಾಲಕ್ಕೂ ಒಂದು 'ಬಿಡು' ಅಂಟಿಸುತ್ತೇವೆ. ಕೆಲಸ ಪೂರ್ತಿಯಾಯಿತು ಎಂದು ತಿಳಿಸಲು ಬಳಸುವ ಸಹಾಯಕ ಕ್ರಿಯಾಪದ ಎಂದು ನಾನು ಬೋರ್ಡಿನ ಮೇಲೆ ಬರೆದು ಬರೆದು ಸೀಮೆಸುಣ್ಣ ಸವೆಸಿದ್ದೇನೆ. ಆದರೆ ಕೆಲಸ ಮುಗಿದರೂ ನಾವು ಅದನ್ನು ಬಿಟ್ಟಿರುವುದಿಲ್ಲ. ಹೇಳಿಬಿಟ್ಟದ್ದನ್ನು ಮತ್ತೆ ಹೇಳುತ್ತೇವೆ, ಕೊಟ್ಟುಬಿಟ್ಟದ್ದನ್ನು ಮನಸ್ಸಿನಲ್ಲಿ ಹಿಡಿದುಕೊಂಡಿರುತ್ತೇವೆ. ಬಿಡುವು, ಬಿಡುಗಡೆ, ಬಿಡುಗಣ್ಣು, ಎಲ್ಲವೂ ಈ ಒಂದೇ ಧಾತುವಿನ ಮಕ್ಕಳು. ಮೈಸೂರು ರಸ್ತೆಯಲ್ಲಿ ನನ್ನ ಬೀಗರ ಕೆಂಗೇರಿ ದಾಟಿದರೆ ಬಿಡದಿ ಬರುತ್ತದೆ. ನನ್ನ ಗಂಟಲಿನ ಮೂಲಸ್ಥಾನ ಅದೇ ಊರಿರಬೇಕು, ಏನು ಮಾಡಿದರೂ ಬಿಡದು.

ಕಸ್ತೂರಿಯ ಪಾಠಗಳು ಪಾಠಗಳ ಹಾಗೆ ಇರುತ್ತಲೇ ಇರಲಿಲ್ಲ. ಮೊದಲ ವಾರಗಳಲ್ಲಿ ಒಂದು ಸ್ವರವನ್ನೂ ಹಾಡಿಸಲಿಲ್ಲ. ಕಿವಿಯ ಕೆಳಗೆ ದವಡೆ ಸೇರುವ ಕೀಲಿನ ಮೇಲೆ ಬೆರಳಿಟ್ಟು ಮೆಲ್ಲಗೆ ತೀಡಿಕೊಳ್ಳಲು ಹೇಳಿದಳು; ಅಲ್ಲಿ ಹುಣಸೆಬೀಜದಂಥ ಗಂಟೊಂದು ಸಿಕ್ಕಿದಾಗ, ಗಂಟಲು ಎಂಬ ಪದದಲ್ಲೇ ಗಂಟು ಇರುವುದು ಸುಮ್ಮನಲ್ಲ ಎಂದುಕೊಂಡೆ. ಗಲ್ಲದ ಅಡಿಗೆ ಹೆಬ್ಬೆರಳಿಟ್ಟು 'ಆ' ಎಂದರೆ ನಾಲಿಗೆಯ ಬುಡ ಕಲ್ಲಿನ ಹಾಗೆ ಒತ್ತುತ್ತಿತ್ತು. ಬಾಯಲ್ಲಿ ಕೂತ ನಾಲಿಗೆ ಗಂಟಲಿನ ಯಜಮಾನಿಕೆ ಮಾಡುತ್ತದೆಂದು ನನಗೆ ಆವರೆಗೆ ತಿಳಿದಿರಲಿಲ್ಲ. ನಮ್ಮ ಮನೆಯಲ್ಲಿ ನನ್ನ ಯಜಮಾನಿಕೆಯೂ ಅದೇ ಥರದ್ದು ಎಂದು ನಮ್ಮ ಯಜಮಾನರು ತೀರ್ಪು ಕೊಟ್ಟರು.

ಆಮೇಲೆ ಬಂತು 'ಉಸ್ಸಪ್ಪಾ'. ಬಿಸಿಲಲ್ಲಿ ನಡೆದು ಬಂದು ಚೀಲ ಇಳಿಸಿ ಕುರ್ಚಿಯಲ್ಲಿ ಕೂರುವಾಗ ನಮ್ಮ ಬಾಯಿಂದ ತಾನಾಗಿ ಹೊರಡುವ ಆ ಉದ್ಗಾರವಿದೆಯಲ್ಲ, ಅದನ್ನು ಮೇಲಿಂದ ಕೆಳಕ್ಕೆ ಜಾರಿಸಿ ಹೇಳಿ, ಜಾರುವಾಗ ಗಂಟಲು ಹೇಗಿರುತ್ತದೆ ಗಮನಿಸಿ, ಅದೇ ಗಂಟಲಲ್ಲಿ ಹಾಡಿ ಎಂದಳು. ನಾನು ಬೆರಗಾದೆ. ಉಸ್ಸಪ್ಪಾ ಎನ್ನುವಾಗ ಯಾರ ಕೊರಳೂ ಬಿಗಿಯುವುದಿಲ್ಲ. ಬಿಗಿಹಿಡಿದು ಉಸ್ಸಪ್ಪಾ ಎನ್ನಲು ಸಾಧ್ಯವೇ ಇಲ್ಲ, ಬೇಕಾದರೆ ಈಗಲೇ ಹೇಳಿ ನೋಡಿ. ದೊಡ್ಡ ದೊಡ್ಡ ವಿದ್ಯೆಯನ್ನು ನಮ್ಮ ಭಾಷೆ ಮೆಟ್ಟಿಲ ಮೇಲೆ, ಕಟ್ಟೆಯ ಮೇಲೆ, ಬಸ್ ಸ್ಟಾಪಿನಲ್ಲಿ ಹೀಗೆ ಪುಕ್ಕಟೆ ಹಂಚುತ್ತಿರುವಾಗ ನಾನು ವ್ಯಾಕರಣವೊಂದನ್ನೇ ಹಿಡಿದು ಕೂತಿದ್ದೆ. ಅಂದಿನಿಂದ ಮನೆಯಲ್ಲಿ ಏಳುತ್ತಾ ಕೂರುತ್ತಾ ಉಸ್ಸಪ್ಪಾ ಎನ್ನತೊಡಗಿದೆ. ಯಜಮಾನರು ನನಗೆ ಮೈ ಹುಷಾರಿಲ್ಲವೆಂದು ತಿಳಿದು ಕೇಳದೆಯೇ ಒಂದು ವಾರ ಕಾಫಿ ಮಾಡಿಕೊಟ್ಟರು, ನಾನೂ ಅವರ ತಿಳಿವಳಿಕೆ ತಿದ್ದಲು ಹೋಗಲಿಲ್ಲ.

ಇನ್ನೊಂದು, ತುಟಿ ಅದುರಿಸುವ ಅಭ್ಯಾಸ. ತುಟಿಗಳನ್ನು ಸಡಿಲ ಬಿಟ್ಟು 'ಬುರ್ರ್‌‌' ಎಂದು ಉಸಿರು ಬಿಡುತ್ತಾ, ಆ ಬುರ್ರಿನ ಮೇಲೆಯೇ ಸ್ವರ ಏರಿಸಿ ಇಳಿಸಬೇಕು. ಗಂಟಲು ಸ್ವಲ್ಪ ಬಿಗಿದರೂ ತುಟಿ ನಿಂತುಹೋಗುತ್ತದೆ, ಸುಳ್ಳು ನಡೆಯುವುದಿಲ್ಲ. ನಾನು ಹಜಾರದಲ್ಲಿ ಬುರ್ರ್ ಎನ್ನುತ್ತಾ ಅಡ್ಡಾಡುವುದನ್ನು ಪಾಪು ಚಾಪೆಯ ಮೇಲಿಂದ ಕಣ್ಣರಳಿಸಿ ನೋಡಿತು, ಆಮೇಲೆ ತಾನೂ ಬುರ್ರ್ ಎಂದು ಎಂಜಲು ಹಾರಿಸಿತು. ಮಗು ಬುರ್ರ್ ಎಂದರೆ ಮಳೆ ಬರುತ್ತದೆ ಎನ್ನುವುದು ನಮ್ಮ ಕಡೆಯ ನಂಬಿಕೆ. ಪಕ್ಕದ ಮನೆಯಾಕೆ ತಾರಸಿಯ ಮೇಲೆ ಹಪ್ಪಳ ಒಣಹಾಕಿದವಳು ನಮ್ಮಿಬ್ಬರ ಬುರ್ರ್ ಕೇಳಿ, "ಅಜ್ಜಿ ಮೊಮ್ಮಗಳು ಸೇರ್ಕೊಂಡು ನನ್ನ ಹಪ್ಪಳ ನೆನೆಸ್ಬೇಡ್ರೀ," ಎಂದು ಕೂಗಿದಳು. ನನಗೆ ಮಾತ್ರ ಬೇರೆಯದೇ ಖುಷಿ: ಹುಟ್ಟಿದಾರಭ್ಯ ನನ್ನ ಧ್ವನಿಗೆ ಮುಖ ಸೊಟ್ಟ ಮಾಡುತ್ತಿದ್ದ ಮಗು ಅಂದು ಮೊದಲ ಸಲ ನನಗೆ ಉತ್ತರ ಕೊಟ್ಟಿತ್ತು.

ಸ್ಟ್ರಾ ಕೊನೆಗೆ ಬಂತು. ಅದಕ್ಕಾಗಿ ಬೀದಿ ಕೊನೆಯ ಎಳನೀರಿನವನ ಹತ್ತಿರ ಹೋಗಿ ಕೇಳಿದರೆ ಆತ ಮಚ್ಚು ಕೆಳಗಿಟ್ಟು, "ಎಳನೀರು ಬೇಡ್ವಾ ಆಂಟಿ? ಬರೀ ಸ್ಟ್ರಾ ತಗೊಂಡು ಏನ್ ಕುಡೀತೀರಾ?" ಎಂದ. "ಕುಡಿಯಲ್ಲಪ್ಪ, ಹಾಡ್ತೀನಿ," ಎಂದೆ. ಆತ, ಈ ತಂಟೆ ಯಾಕೆ ಬೇಕು ಎಂಬಂತೆ, ಒಂದು ಹಿಡಿ ಕೊಟ್ಟುಬಿಟ್ಟ. ಕಾಗದದ ಕಡ್ಡಿಗಳು, ಕೆಲವೇ ದಿನಕ್ಕೆ ನೆನೆದು ಮೆತ್ತಗಾಗುತ್ತವೆ. ಆದರೂ ನೀರಿನ ತೂಕವನ್ನು ಎದುರಿಟ್ಟುಕೊಂಡು ಸ್ವರ ಊದಿದಾಗ ಗಂಟಲು ಹೋರಾಡುವುದನ್ನು ತಾನಾಗಿ ನಿಲ್ಲಿಸುವ ಸೋಜಿಗವನ್ನು ನಾನು ಕಂಡುಕೊಂಡದ್ದು ಈ ಮೆತ್ತನೆಯ ಕಡ್ಡಿಗಳಿಂದಲೇ.

ಗಂಟಲಿನ ಮೇಲೆ ಗಮನ ಬಂದಮೇಲೆ ನನಗೆ ಊರೆಲ್ಲ ಗಂಟಲುಗಳೇ ಕಾಣತೊಡಗಿದವು. ಮೆಟ್ರೋದಲ್ಲಿ ಫೋನು ಕಿವಿಗಿಟ್ಟುಕೊಂಡು, 'ಹಾಂ ಸಾರ್, ಆಯ್ತು ಸಾರ್' ಎನ್ನುವ ಹುಡುಗರ ಕತ್ತಿನ ನರಗಳನ್ನು ನೋಡಿ. ಕುರುಬರಹಳ್ಳಿ ಸರ್ಕಲ್ಲಿನಲ್ಲಿ ಗಾಡಿಗೆ ಗಾಡಿ ತಾಗಿ ನಿಂತು ಜಗಳವಾಡುವವರು ಬಾಯಿ ಎಷ್ಟು ದೊಡ್ಡದು ಮಾಡಿದರೂ ಗಂಟಲನ್ನು ಸೂಜಿರಂಧ್ರ ಮಾಡಿಕೊಂಡಿರುತ್ತಾರೆ. ಹಿಂದೆ ನಮ್ಮ ಬೀದಿಗೆ ಬರುತ್ತಿದ್ದ ಸೊಪ್ಪಿನವಳು 'ಸೊಪ್ಪೋ' ಎಂಬ ಕೊನೆಯ ಓಕಾರವನ್ನು ಬೀದಿಯ ತುದಿಯವರೆಗೂ ಹಾಸುತ್ತಿದ್ದಳು. ಈಗ ಗಾಡಿಗೆ ಕಟ್ಟಿದ ಸ್ಪೀಕರು ಒಂದೇ ಮಾತನ್ನು ತಿರುಗಾಮುರುಗಾ ಹೇಳುತ್ತದೆ, ಮಾರುವಾತ ತುಟಿ ಹೊಲಿದುಕೊಂಡು ಹಿಂದೆ ನಡೆಯುತ್ತಾನೆ. ಆತನ ಗಂಟಲು ಉಳಿಯಿತು, ಒಳ್ಳೆಯದೇ. ಆದರೆ ಅವನ ಧ್ವನಿ ಹೇಗಿದೆಯೆಂದು ನಮಗ್ಯಾರಿಗೂ ತಿಳಿಯದು. ನಮ್ಮ ತೊಟ್ಟಿಲ ಮುಂದೆಯೂ ಇದೇ ಆಗಬಾರದು ಎಂಬ ಹಟ ಅವನ ಗಾಡಿ ಹಾದುಹೋದಾಗಲೆಲ್ಲ ನನ್ನಲ್ಲಿ ಗಟ್ಟಿಯಾಗುತ್ತಿತ್ತು.

ತೊಟ್ಟಿಲ ಶಾಸ್ತ್ರ ಹತ್ತಿರ ಬಂತು. ಹೊಂಗೆ, ಕೆರೆ ಎರಡೂ ಹಸನಾದವು. ಪಾಪು ಅಳುವುದಿರಲಿ, ಎರಡನೇ ಸಾಲಿಗೆ ಕಣ್ಣು ಕೂಡ ಎಳೆಯುತ್ತಿದ್ದಳು. ಮೋಡಕ್ಕೂ ಹತ್ತಿದೆ, ಹತ್ತಿದಾಗ ಬಿಗಿಯಲಿಲ್ಲ. ಆದರೆ ಇಳಿಯುವಾಗ, ಸಾಲಿನ ಕೊನೆಯ 'ಮಲಗವ್ವ'ಕ್ಕೆ ಬರುವಷ್ಟರಲ್ಲಿ, ಹಳೆಯ ಮುಷ್ಟಿ ಮತ್ತೆ ಮುಚ್ಚಿಕೊಳ್ಳುತ್ತಿತ್ತು, ಪಾಪು ತಟ್ಟನೆ ಕಣ್ಣು ಬಿಡುತ್ತಿದ್ದಳು. ಕಸ್ತೂರಿ ಕೇಳಿಸಿಕೊಂಡು ಕಾರಣ ಹೇಳಿದಳು.

"ನಿಮ್ಮ ಉಸಿರು 'ನಿಲ್ಲಿಸಿವ್ನಿ' ಅನ್ನೂದ್ರಾಗ ಮುಗೀತದ್ರಿ. ಆಮ್ಯಾಲೆ ಬರೇ ಗಂಟಲು ದುಡೀತದ. ಅಲ್ಲಿ ಬಿಟ್ಟುಬಿಡ್ರಿ. ಉಸಿರು ತಗೋರಿ, ಆಮ್ಯಾಲೆ ಬೇಕಂದ್ರ ಹಾಡ್ರಿ."

"ನಿಲ್ಲಿಸಿವ್ನಿ ಅಂತ ಹಾಡಿ ನಾನೇ ನಿಂತ್ರೆ ಹೇಗಮ್ಮ? ಸಾಲು ಅರ್ಧಕ್ಕೆ ನಿಲ್ಲುತ್ತಲ್ಲ!"

"ನಿಲ್ಲಲಿ ಬಿಡ್ರಿ. ನೀವು ಹಿಡಕೊಂಡಿದ್ದಕ್ಕ ಹಾಡು ಉಳದೈತೇನ್ರಿ?"

ನಾನು ಒಪ್ಪಲಿಲ್ಲ. ಜೀವಮಾನವಿಡೀ 'ಬಿಟ್ಟ ಸ್ಥಳ ತುಂಬಿರಿ' ಎಂದು ಪ್ರಶ್ನೆಪತ್ರಿಕೆ ಬರೆದವಳು ನಾನು. ಖಾಲಿ ಗೆರೆ ಕಂಡರೆ ಕೈ ತುರಿಸುತ್ತದೆ. ತರಗತಿಯಲ್ಲಿ ಪ್ರಶ್ನೆ ಕೇಳಿ ಮಕ್ಕಳು ಯೋಚಿಸುತ್ತಿರುವಾಗಲೇ ಉತ್ತರವನ್ನೂ ಹೇಳಿಬಿಡುವುದು ನನ್ನ ಅಭ್ಯಾಸ. ಅಮ್ಮನ ಹಾಡಿನಲ್ಲಿ ತೂತು ಬಿಡುವುದೆಂದರೆ? ಆಗುವುದಿಲ್ಲ ಎಂದು ಖಡಾಖಂಡಿತವಾಗಿ ಹೇಳಿ ಬಂದೆ.

ಶಾಸ್ತ್ರದ ದಿನ ನಮ್ಮ ಹಜಾರದ ತೊಲೆಗೆ ತೊಟ್ಟಿಲು ಕಟ್ಟಿ, ಸೇವಂತಿಗೆ ಹಾರ ಸುತ್ತಿ, ಸುತ್ತ ಹೆಂಗಸರು ಜಮಾಯಿಸಿದರು. ಕೆಂಗೇರಿಯ ಬೀಗಿತ್ತಿ ತಾಂಬೂಲದ ತಟ್ಟೆಯ ಪಕ್ಕದಲ್ಲೇ ಸ್ಪೀಕರನ್ನು ಇಟ್ಟುಕೊಂಡು ಕೂತರು. "ನೀವು ಆಯಾಸ ಮಾಡ್ಕೋಬೇಡಿ ಬೀಗಿತ್ತಮ್ಮ, ಮಗು ಅತ್ರೆ ಇದು ಹಾಕ್ತೀನಿ," ಎಂದರು, ಒಳ್ಳೆಯ ಮನಸ್ಸಿನಿಂದಲೇ. ಮಗುವನ್ನು ತೊಟ್ಟಿಲ ಮೇಲಿಂದ ಕೆಳಗಿಂದ ದಾಟಿಸಿ ಮಲಗಿಸಿದರು. ಗದ್ದಲಕ್ಕೆ ಪಾಪು ಆಗಲೇ ತುಟಿ ಮುಂದೆ ಮಾಡಿದ್ದಳು. ಸಹನಾ ನನ್ನ ಕಡೆ ನೋಡಿದಳು. ಆ ಕಣ್ಣಿನಲ್ಲಿ ಬೇಡ ಎಂಬ ಮಾತೂ ಇತ್ತು, ಹಾಡಲಿ ಎಂಬ ಆಸೆಯೂ ಇತ್ತು. ಬೀಗಿತ್ತಿಯ ಬೆರಳು ಗುಂಡಿಯ ಮೇಲಿತ್ತು.

ನಾನು ತೊಟ್ಟಿಲ ಹಗ್ಗ ಹಿಡಿದೆ. ಮನಸ್ಸಿನಲ್ಲೇ ಉಸ್ಸಪ್ಪಾ ಎಂದುಕೊಂಡು ಹೆಗಲು ಇಳಿಬಿಟ್ಟೆ. ಹೊಂಗೆಯ ಹೂವು ಹಾಸಿದೆ. ಅಷ್ಟು ಮೆಲ್ಲಗಿನ ಧ್ವನಿ ನನ್ನದೇ ಎಂದು ನನ್ನ ಸಹೋದ್ಯೋಗಿಗಳು ಕೇಳಿದ್ದರೆ ನಂಬುತ್ತಿರಲಿಲ್ಲ, ಆದರೆ ಹಜಾರದ ಮಾತೆಲ್ಲ ಅದಕ್ಕೇ ನಿಂತಿತು. ಕೆರೆಯ ಗಾಳಿ ಕರೆದೆ. ಪಾಪುವಿನ ತುಟಿ ಹಿಂದಕ್ಕೆ ಹೋಯಿತು. ಮೋಡ ಬಂತು, ಸ್ವರ ತಾನಾಗಿ ಮೇಲೆ ಹೋಗಿ ನಿಂತಿತು, ಹಿಡಿಯಲು ಯಾರೂ ಇರಲಿಲ್ಲ, ಒತ್ತಲು ಯಾರೂ ಇರಲಿಲ್ಲ. ಜೀವನದಲ್ಲಿ ಮೊದಲ ಬಾರಿಗೆ ನನ್ನ ಗಂಟಲು ಅಲ್ಲಿ ಇದೆಯೋ ಇಲ್ಲವೋ ಎಂಬುದೇ ನನಗೆ ಗೊತ್ತಾಗಲಿಲ್ಲ. 'ನಿಲ್ಲಿಸಿವ್ನಿ' ಎಂದೆ. ಉಸಿರು ಮುಗಿಯಿತು. ಮುಂದಿನ ಪದ ನಾಲಿಗೆಯ ತುದಿಗೆ ಬಂತು, ಮುಷ್ಟಿ ಮುಚ್ಚಲು ಸಜ್ಜಾಯಿತು, ಎಳೆದರೆ ಪಾಪು ಬೆಚ್ಚುತ್ತಾಳೆ ಎಂದು ನನಗೆ ಚೆನ್ನಾಗಿ ಗೊತ್ತಿತ್ತು.

ಬಿಟ್ಟುಬಿಟ್ಟೆ. ಹಗ್ಗವನ್ನೂ ಹಾಡನ್ನೂ ಒಟ್ಟಿಗೆ.

ತೊಟ್ಟಿಲು ಒಂದು ಕಡೆ ಹೋಗಿ ನಿಂತಿತು. ಆಗ ನನ್ನ ಬಲಗಡೆಯಿಂದ, ಬಾಣಂತಿಯ ಒರಟು ಧ್ವನಿಯಲ್ಲಿ, ಶ್ರುತಿಯಿಂದ ಸ್ವಲ್ಪ ಜಾರಿ, ಸಹನಾ 'ಮಲಗವ್ವ' ಎಂದಳು.

ಅವಳಿಗೆ ಆ ಹಾಡನ್ನು ನಾನು ಯಾವತ್ತೂ ಕೂರಿಸಿಕೊಂಡು ಕಲಿಸಿರಲಿಲ್ಲ. ಕಲಿಯಲು ನಾನು ಜಾಗವನ್ನಾದರೂ ಎಲ್ಲಿ ಕೊಟ್ಟಿದ್ದೆ? ಈ ತಿಂಗಳುಗಳಲ್ಲಿ ಒಳಕೋಣೆಯಿಂದ ಕೇಳಿ ಕೇಳಿ ಅವಳೇ ಕಲಿತಿದ್ದಳು, ಹೇಳಲು ಒಂದು ಪದದಷ್ಟು ಸಂದು ಸಿಕ್ಕಿರಲಿಲ್ಲ, ಅಷ್ಟೆ. ನನಗೆ ಆಗ ನಮ್ಮಮ್ಮ ಅರ್ಥವಾದಳು. ಹೊಲದಲ್ಲಿ ಈ ತುದಿಯಿಂದ ಆ ತುದಿಗೆ ಕೂಗಿ ಆಳುಗಳನ್ನು ಕರೆಯುತ್ತಿದ್ದವಳಿಗೆ ಒಂದು 'ಮಲಗವ್ವ'ಕ್ಕೆ ಉಸಿರು ಸಾಲದೆ ಹೋಗುತ್ತದೆಯೇ? ಅವಳು ನಿಲ್ಲುತ್ತಿದ್ದುದು ನನಗಾಗಿ. ಆ ಒಂದು ಪದವನ್ನು ಬಿಟ್ಟು ಬಿಟ್ಟೇ ಅವಳು ಇಡೀ ಹಾಡನ್ನು ನನಗೆ ಕೊಟ್ಟಿದ್ದಳು. ನನ್ನ ಕಣ್ಣು ತುಂಬಿ ಬಂತು, ಆದರೆ ಗಂಟಲು ಕಟ್ಟಲಿಲ್ಲ. ಮತ್ತೆ ಮೊದಲ ಸಾಲಿನಿಂದ ಹಾಡಿದೆ, ಮತ್ತೆ ಅಲ್ಲೇ ಬಿಟ್ಟೆ, ಈ ಸಲ ಬೀಗಿತ್ತಿಯ ಧ್ವನಿಯೂ ಸೇರಿತು. ಪಾಪು ನಿದ್ದೆ ಮಾಡಲಿಲ್ಲ, ಅಳಲೂ ಇಲ್ಲ. ಮೇಲೆ ನೋಡುತ್ತಾ ದೊಡ್ಡದಾಗಿ ಬುರ್ರ್ ಎಂದಳು, ಪಕ್ಕದ ಮನೆಯಾಕೆ "ಅಯ್ಯೋ ನನ್ನ ಹಪ್ಪಳ!" ಎಂದು ಎದ್ದು ಓಡಿದಳು. ಅಂತೂ ನಾನು ಹಾಡಿಬಿಟ್ಟೆ, ಆ ಪದವನ್ನು ಪೂರ್ತಿ ಅರ್ಥದಲ್ಲಿ ಬಳಸುತ್ತಿದ್ದೇನೆ.

ಸಹನಾ ಮಗುವನ್ನು ಕರೆದುಕೊಂಡು ಕೆಂಗೇರಿಗೆ ಹೋದ ಮಾರನೆಯ ಬೆಳಿಗ್ಗೆ ಹಾಲಿಟ್ಟು ಕಿಟಕಿಕಟ್ಟೆಗೆ ಕೈಹಾಕಿದರೆ, ಲೋಟವಿದೆ, ನೀರಿದೆ, ಕಡ್ಡಿ ಮಾತ್ರ ಇಲ್ಲ! ಉಳಿದಿದ್ದ ಕಡ್ಡಿಗಳ ಕಟ್ಟೂ ಇಲ್ಲ. "ಎಲ್ರೀ ಹೋಯ್ತು ನನ್ನ ಸ್ಟ್ರಾ?" ಎಂದು ನಾನು ಹಳೆಯ ಕಾರ್ಡ್ ರೋಡ್ ಧ್ವನಿಯಲ್ಲಿ ಕೂಗಿದಾಗ ಯಜಮಾನರು ಪೇಪರ್ ಕೆಳಗಿಟ್ಟು ಕಿವಿ ಮುಚ್ಚಿಕೊಂಡರು. ಅಷ್ಟರಲ್ಲಿ ಫೋನು ಬಂತು. ಆಚೆ ಕಡೆಯಿಂದ ಮೊದಲು ಪಾಪುವಿನ ಚೀರಾಟ, ಆಮೇಲೆ ಸಹನಾಳ ಸುಸ್ತಾದ ಮಾತು.

"ಅಮ್ಮ, ನಿನ್ನ ಕಡ್ಡಿಗಳೆಲ್ಲ ನಾನೇ ತಂದ್ಬಿಟ್ಟೆ ಕಣೇ. ನೀರಲ್ಲಿ ಊದಿದ್ರೆ ಬರೀ ನೀರು ಚೆಲ್ಲುತ್ತೆ. ನಾನು ಹಾಡಿದ್ರೆ ಇವಳು ನೋಡು ಹೇಗೆ ಕಿರುಚ್ತಾಳೆ. ಮೋಡದ ಹತ್ರ ಹೋದ್ರೆ ಸಾಕು. ಏನ್ ಮಾಡ್ಲಿ?"

"ಅದಕ್ಕೇನಂತೆ," ಎಂದೆ. "ಗಂಟಲು ಬಿಟ್ಟು ಹಾಡೇ."

"ಇನ್ನೂ ಜೋರಾಗಾ ಅಮ್ಮ?"

ಒಲೆಯ ಮೇಲೆ ಹಾಲು ಉಕ್ಕಿತು. ಉಕ್ಕಲಿ ಎಂದು ನಾನು ಕುರ್ಚಿ ಎಳೆದುಕೊಂಡು, "ಉಸ್ಸಪ್ಪಾ" ಎಂದು ಕೂತೆ. "ಮೊದಲು ಇದನ್ನ ಹೇಳು," ಎಂದೆ. ಹೇಳಿ ಸುಮ್ಮನೆ ಕಾದೆ.